ಅಪ್ಪು ಚಿತ್ರದ ಕೆಳಗೆ ಆರು ಸಾಲು: ಏನು ಬರೆಯಿಸೋಣ?

ಗುಬ್ಬಿ ಸೀಮೆಯವನು

ಎಲ್ಲರಿಗೂ ನಮಸ್ಕಾರ. ನಮ್ಮದು ಗುಬ್ಬಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಪಂಚಾಯಿತಿ ಗ್ರಂಥಾಲಯಕ್ಕೆ ಹೋದ ತಿಂಗಳು ಸುಣ್ಣಬಣ್ಣ ಆಯಿತು. ಈಗ ಅದನ್ನು ಅರಿವು ಕೇಂದ್ರ ಎನ್ನುತ್ತಾರೆ. ರಸ್ತೆ ಕಡೆಯ ಗೋಡೆಯ ಮೇಲೆ ಪುನೀತ್ ರಾಜ್‌ಕುಮಾರ್ ಚಿತ್ರ ಬರೆಯಿಸಬೇಕು ಎಂದು ಯುವಕ ಸಂಘದವರು ತೀರ್ಮಾನಿಸಿದರು. ನನಗೂ ಸಂತೋಷವೇ. ರಾಜ್ಯೋತ್ಸವದ ಬೆಳಿಗ್ಗೆ ಬಾವುಟ ಏರಿಸಿ, ಆಮೇಲೆ ಪರದೆ ಸರಿಸುವುದು. ತಿಪಟೂರಿನಿಂದ ಬೋರ್ಡ್ ಬರೆಯುವವರೊಬ್ಬರು ಬಂದು ಅಳತೆ ತೆಗೆದುಕೊಂಡು ಹೋಗಿದ್ದಾರೆ. ಮುಖಕ್ಕೆ ಐದಡಿ, ಅದರ ಕೆಳಗೆ ಬರಹಕ್ಕೆ ಎರಡಡಿ. ಆರು ಸಾಲು ದಾಟಿದರೆ ಬಸ್ಸಿನಲ್ಲಿ ಹೋಗುವವರಿಗೆ ಓದಲು ಆಗುವುದಿಲ್ಲ ಎಂದು ಅವರೇ ಹೇಳಿದರು.

ಜಗಳ ಎದ್ದಿರುವುದು ಆ ಆರು ಸಾಲಿಗೆ. ಹುಡುಗರು ಕೊಟ್ಟ ಬರಹ ಇದು: 45 ಉಚಿತ ಶಾಲೆ, 26 ಅನಾಥಾಶ್ರಮ, 16 ವೃದ್ಧಾಶ್ರಮ, 19 ಗೋಶಾಲೆ, 1800 ಮಕ್ಕಳ ವಿದ್ಯಾಭ್ಯಾಸ. 2021ರ ಅಕ್ಟೋಬರ್ 29ರ ನಂತರ ಎಲ್ಲರ ಮೊಬೈಲಿಗೂ ಬಂತಲ್ಲ, ಅದೇ ಪಟ್ಟಿ. ಇದು ಗ್ರಂಥಾಲಯದ ಗೋಡೆ, ಮಕ್ಕಳು ಇದನ್ನೇ ನೋಡಿಕೊಂಡು ಪ್ರಬಂಧ ಬರೆಯುತ್ತಾರೆ, ಈ ಲೆಕ್ಕ ಎಲ್ಲಿಂದ ಬಂತು ಎಂದು ಒಮ್ಮೆ ವಿಚಾರಿಸೋಣ ಎಂದೆ. ಅಷ್ಟಕ್ಕೇ ನನಗೆ ಅಪ್ಪು ವಿರೋಧಿ ಎಂಬ ಪಟ್ಟ ಸಿಕ್ಕಿತು. ಆ ಶುಕ್ರವಾರ ನಮ್ಮ ಮನೆಯಲ್ಲಿ ಮಾಡಿದ ಅಡುಗೆ ಹಾಗೇ ಉಳಿದಿತ್ತು. ನನಗೆ ಈ ಮಾತು ಬಹಳ ನೋವು ಕೊಟ್ಟಿದೆ.

ತಿಳಿದವರು ಹೇಳಿ. ಆ ಆರು ಸಾಲಿನಲ್ಲಿ ಏನಿರಬೇಕು?

ಹಾಸನದ ಹುಡುಗ

ಇಡೀ ರಾಜ್ಯ ಒಪ್ಪಿಕೊಂಡಿರುವ ಲೆಕ್ಕವನ್ನು ನೀವೊಬ್ಬರು ಯಾಕೆ ಕೆದಕುತ್ತೀರಿ ಸರ್? ಊರೂರಿನ ಫ್ಲೆಕ್ಸಿನಲ್ಲಿ ಇದೆ. ಬರೆಯಿಸಿ.

ಡೈರಿ ಕಾರ್ಯದರ್ಶಿ

ನಾನು ಹದಿನೇಳು ವರ್ಷದಿಂದ ಹಾಲಿನ ಡೈರಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಒಳ್ಳೆಯ ಹಾಲಿಗೆ ಯಾರೂ ನೀರು ಸೇರಿಸಬೇಕಾಗಿಲ್ಲ. ಸೇರಿಸಿದರೆ ಲ್ಯಾಕ್ಟೋಮೀಟರ್ ಮೇಲೆ ಏಳದೆ ಒಳಗೆ ಇಳಿದುಬಿಡುತ್ತದೆ, ಆಮೇಲೆ ಆ ಮನೆಯ ಒಳ್ಳೆಯ ಹಾಲನ್ನೂ ಅನುಮಾನದಿಂದಲೇ ನೋಡುತ್ತೇವೆ. ಪುನೀತ್ ಅವರ ವಿಷಯದಲ್ಲಿ ಇದೇ ನನ್ನ ಭಯ. ನಂದಿನಿ ಹಾಲಿಗೆ ಅವರು ಒಂದು ರೂಪಾಯಿ ಸಂಭಾವನೆ ಪಡೆಯದೆ ರಾಯಭಾರಿ ಆಗಿದ್ದರು. ಅವರ ತಂದೆಯೂ ಹಾಗೆಯೇ. ಅದು ಲಕ್ಷಾಂತರ ರೈತರ ಮನೆಯ ವ್ಯವಹಾರ, ಒಬ್ಬ ನಟ ಅದಕ್ಕೆ ಎಷ್ಟು ಕೋಟಿ ಬೇಕಾದರೂ ಕೇಳಬಹುದಿತ್ತು. ನಮ್ಮ ಡೈರಿಯಲ್ಲಿ ಅವರ ಫೋಟೋಗೆ ದಿನವೂ ಹೂವು ಇಡುವುದು ಒಬ್ಬ ಅಜ್ಜಿ. ಎರಡು ಎಮ್ಮೆ ಸಾಕಿದ್ದಾರೆ, ಅವರ ಚಿತ್ರ ಒಂದನ್ನೂ ನೋಡಿಲ್ಲ. ಇದಕ್ಕೆ ಯಾವ ನೀರು ಬೆರೆಸಬೇಕು?

ನಿವೃತ್ತ ಮೇಷ್ಟ್ರು, ಮಂಡ್ಯ

ಹಾಸನದ ತಮ್ಮನಿಗೆ ಒಂದು ಪ್ರಶ್ನೆ. ನಿಮ್ಮ ಬಳಿ ಇರುವ ಪಟ್ಟಿಯಲ್ಲಿ 45 ಶಾಲೆ ಇದೆಯೋ 46 ಇದೆಯೋ? ನನಗೆ ಎರಡೂ ಬಂದಿವೆ. ಒಂದು ಶಾಲೆ ನಡೆಸುವುದು ಎಂದರೆ ಏನೆಂದು ನನಗೆ ಗೊತ್ತು. ಇಲಾಖೆಯ ಮಾನ್ಯತೆ ಬೇಕು, ಶಾಲೆಗೊಂದು ಸಂಖ್ಯೆ ಇರಬೇಕು, ಶಿಕ್ಷಕರಿಗೆ ತಿಂಗಳು ತಿಂಗಳು ಸಂಬಳ ಹೋಗಬೇಕು. 45 ಶಾಲೆ ಇದ್ದರೆ 45 ಊರಿನ ಹೆಸರು ಇರಲೇಬೇಕು. ಪಟ್ಟಿ ಕಳಿಸಿದವರು ಯಾರೂ ನನಗೆ ಒಂದು ಊರಿನ ಹೆಸರು ಹೇಳಿಲ್ಲ. ಅವರು ಶಾಲೆಗಳಿಗೆ ಸಹಾಯ ಮಾಡಿಲ್ಲ ಎಂದು ನಾನು ಹೇಳುತ್ತಿಲ್ಲ. ಎಷ್ಟಕ್ಕೆ ಮಾಡಿದರು ಎಂದು ಎಣಿಸಿದವರು ಯಾರು ಎಂಬುದಷ್ಟೇ ನನ್ನ ಮಾತು.

ಹಾಸನದ ಹುಡುಗ

ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಬದುಕಿದವರು ಅವರು. ಊರಿನ ಹೆಸರು ಎಲ್ಲಿ ಸಿಗುತ್ತದೆ ಮೇಷ್ಟ್ರೇ? ಮನೆಯವರಿಗೇ ಗೊತ್ತಿರಲಿಲ್ಲ ಎನ್ನುತ್ತಾರೆ.

ನಿವೃತ್ತ ಮೇಷ್ಟ್ರು, ಮಂಡ್ಯ

ಸರಿ. ಎಡಗೈಗೂ ತಿಳಿಯದ ಲೆಕ್ಕ ವಾಟ್ಸ್‌ಆ್ಯಪ್ಪಿಗೆ ಹೇಗೆ ತಿಳಿಯಿತು?

ಕೊಪ್ಪಳದವ

ನಮ್ಮ ಪಕ್ಕದ ಊರಿನ ಶಾಲೆಗೆ ಎರಡು ಕೊಠಡಿ ಕಟ್ಟಿಸಿಕೊಟ್ಟಿದ್ದರಂತೆ. ಹೆಸರು ಹಾಕಬೇಡಿ ಎಂದಿದ್ದರಂತೆ.

ಸರಸ್ವತಿಪುರಂ ಅಕ್ಕ

ಕೊಪ್ಪಳದವರೇ, ಹೋಗಿ ಆ ಶಾಲೆಯ ಮುಖ್ಯೋಪಾಧ್ಯಾಯರನ್ನು ಕೇಳಿಕೊಂಡು ಬನ್ನಿ, ಆಮೇಲೆ ‘ಅಂತೆ’ ತೆಗೆದು ಬರೆಯಿರಿ. ನಾನೂ ಸಂತೋಷದಿಂದ ಓದುತ್ತೇನೆ.

ಕಣ್ಣಿಗೆ ಕಾಣುವಂಥದ್ದು ನಮ್ಮ ಮೈಸೂರಿನಲ್ಲೇ ಇದೆ. ಶಕ್ತಿಧಾಮ. ಪಾರ್ವತಮ್ಮ ರಾಜ್‌ಕುಮಾರ್ ಅವರು ಮುಂದೆ ನಿಂತು ಕಟ್ಟಿ ಬೆಳೆಸಿದ್ದು. ಮನೆ ಬಿಟ್ಟು ಬಂದ, ಮೋಸಹೋದ, ದಿಕ್ಕಿಲ್ಲದ ಹೆಣ್ಣುಮಕ್ಕಳಿಗೆ ಅದು ನೆಲೆ. ಅಲ್ಲಿಂದ ಶಾಲೆಗೆ ಹೋಗುವ ಹುಡುಗಿಯರನ್ನು ನಾನು ವರ್ಷಗಳಿಂದ ನೋಡುತ್ತಿದ್ದೇನೆ. ಬೇರೆಯವರ ಚಿತ್ರಗಳಿಗೆ ಹಾಡಿದಾಗ ಬಂದ ಹಣವನ್ನು ಪುನೀತ್ ಈ ಸೇವಾಕಾರ್ಯಗಳಿಗೇ ಕೊಡುತ್ತಿದ್ದರು. ಈ ಮಾತು ಅವರು ಬದುಕಿದ್ದಾಗಲೇ ಪತ್ರಿಕೆಗಳಲ್ಲಿ ಬಂದಿದೆ, ಸತ್ತ ಮೇಲೆ ಹುಟ್ಟಿದ ಕಥೆಯಲ್ಲ. ನನಗೆ ಇದೇ ದೊಡ್ಡದಾಗಿ ಕಾಣುತ್ತದೆ. ಆರನೆಯ ವಯಸ್ಸಿನಲ್ಲಿ ‘ಬಾನ ದಾರಿಯಲ್ಲಿ ಸೂರ್ಯ’ ಹಾಡಿದ ಗಂಟಲು ಅದು. ಹಾಡಿ ಬಂದದ್ದನ್ನು ತಾಯಿ ಕಟ್ಟಿದ ಮನೆಗೆ ಕೊಡುವುದರಲ್ಲಿ ಎಷ್ಟೊಂದು ಪ್ರೀತಿ ಇದೆ ನೋಡಿ. ಇದರ ಮುಂದೆ 19 ಗೋಶಾಲೆ ಎಂಬ ಸಂಖ್ಯೆ ಒಣ ಹುಲ್ಲು.

ರಾಯಚೂರು ಓದುಗ

2020ರ ಮಾರ್ಚಿನಲ್ಲಿ ಕೋವಿಡ್ ಪರಿಹಾರಕ್ಕೆ ಮುಖ್ಯಮಂತ್ರಿ ನಿಧಿಗೆ 50 ಲಕ್ಷ ಕೊಟ್ಟರು. ಇದಕ್ಕೆ ದಾಖಲೆ ಇದೆ. 2021ರಲ್ಲಿ ಕರ್ನಾಟಕ ರತ್ನ ಕೊಟ್ಟರು. ಇವೆರಡನ್ನು ಬರೆಯಿಸಿ ಸಾಕು.

ನಿವೃತ್ತ ಮೇಷ್ಟ್ರು, ಮಂಡ್ಯ

ತಿದ್ದುಪಡಿ: ಕರ್ನಾಟಕ ರತ್ನವನ್ನು ಪ್ರದಾನ ಮಾಡಿದ್ದು 2022ರ ನವೆಂಬರ್ 1ರಂದು, ವಿಧಾನಸೌಧದ ಮುಂದೆ, ಮಳೆಯಲ್ಲಿ. ಅದೇ ವರ್ಷದ ಮಾರ್ಚಿನಲ್ಲಿ ಮೈಸೂರು ವಿಶ್ವವಿದ್ಯಾಲಯ ಮರಣೋತ್ತರವಾಗಿ ಗೌರವ ಡಾಕ್ಟರೇಟ್ ಕೊಟ್ಟಿತು. 1992ರಲ್ಲಿ ಕುವೆಂಪು ಅವರ ಜೊತೆ ಕರ್ನಾಟಕ ರತ್ನ ಪಡೆದವರು ಡಾ. ರಾಜ್‌ಕುಮಾರ್. ತಂದೆ, ಮಗ ಇಬ್ಬರಿಗೂ ಅದು ಸಂದಿದೆ.

ನೇತ್ರ ತಂತ್ರಜ್ಞೆ

ಇಷ್ಟು ಮಾತು ಆಯಿತು, ಕಣ್ಣಿನ ವಿಷಯ ಇನ್ನೂ ಒಬ್ಬರೂ ಎತ್ತಲಿಲ್ಲ. ನಾನು ಒಂದು ನೇತ್ರ ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಓದಿ.

ಕಣ್ಣು ದಾನ ಎಂದರೆ ಇಡೀ ಗುಡ್ಡೆಯನ್ನು ತೆಗೆದು ಇನ್ನೊಬ್ಬರಿಗೆ ಕೂರಿಸುವುದು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಕಣ್ಣಿನ ಮುಂಭಾಗದಲ್ಲಿ, ಕೈಗಡಿಯಾರದ ಗಾಜಿನ ಹಾಗೆ, ಒಂದು ಪಾರದರ್ಶಕ ಪದರ ಇದೆ. ಅದೇ ಕಾರ್ನಿಯಾ. ದಪ್ಪ ಸುಮಾರು ಅರ್ಧ ಮಿಲಿಮೀಟರ್. ಪೆಟ್ಟು ಬಿದ್ದೋ ಸೋಂಕು ತಗುಲಿಯೋ ಹುಟ್ಟಿನಿಂದಲೋ ಅದು ಮಬ್ಬಾದರೆ ಹಿಂದಿನ ಕಣ್ಣೆಲ್ಲ ಚೆನ್ನಾಗಿದ್ದರೂ ನೋಟ ಹೋಗುತ್ತದೆ. ಆಗ ಸತ್ತವರ ಕಾರ್ನಿಯಾ ಹೊಲಿದು ಕೂರಿಸಿದರೆ ನೋಟ ಬರುತ್ತದೆ. ಸಾಮಾನ್ಯವಾಗಿ ಒಬ್ಬರು ಕೊಟ್ಟರೆ ಇಬ್ಬರಿಗೆ.

ಪುನೀತ್ ಅವರು ಕೊಟ್ಟದ್ದು ನಾಲ್ವರಿಗೆ ಆಯಿತು. ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಒಂದೊಂದು ಕಾರ್ನಿಯಾವನ್ನೂ ಮೇಲ್ಪದರ, ಒಳಪದರ ಎಂದು ಎರಡಾಗಿ ಬಿಡಿಸಿದರು. ಮೇಲ್ಪದರ ಕೆಟ್ಟಿದ್ದ ಇಬ್ಬರಿಗೆ ಮೇಲಿನದು, ಒಳಪದರ ಕೆಟ್ಟಿದ್ದ ಇಬ್ಬರಿಗೆ ಒಳಗಿನದು. ಅರ್ಧ ಮಿಲಿಮೀಟರನ್ನು ಸೀಳುವ ಕೆಲಸ ಅದು. ಆಸ್ಪತ್ರೆಯ ಡಾ. ಭುಜಂಗ ಶೆಟ್ಟಿ ಅವರೇ ಪತ್ರಕರ್ತರ ಮುಂದೆ ವಿವರಿಸಿದರು. ಆ ವೈದ್ಯರೂ 2023ರಲ್ಲಿ ನಮ್ಮನ್ನು ಬಿಟ್ಟುಹೋದರು.

ಇದು ಒಂದು ದಿನದಲ್ಲಿ ಆದದ್ದಲ್ಲ. 1994ರಲ್ಲಿ ಅಲ್ಲಿ ಡಾ. ರಾಜ್‌ಕುಮಾರ್ ಹೆಸರಿನ ನೇತ್ರ ಬ್ಯಾಂಕ್ ಶುರುವಾದಾಗ ಅಣ್ಣಾವ್ರು ತಮ್ಮ ಮನೆಯವರೆಲ್ಲರ ಕಣ್ಣು ಕೊಡುವುದಾಗಿ ಮಾತು ಕೊಟ್ಟಿದ್ದರು. 2006ರ ಏಪ್ರಿಲಿನಲ್ಲಿ ಅವರ ಕಣ್ಣು ಹೋಯಿತು. 2017ರ ಮೇ ತಿಂಗಳಲ್ಲಿ ಪಾರ್ವತಮ್ಮನವರದು. 2021ರಲ್ಲಿ ಕಿರಿಯ ಮಗನದು, 46ನೆಯ ವಯಸ್ಸಿಗೆ. ಅಂಥ ಆಘಾತದ ಹೊತ್ತಿನಲ್ಲಿ, ಹೊರಗೆ ಸಾವಿರಾರು ಜನ ಕಿರುಚುತ್ತಿರುವಾಗ, ಆ ಮನೆಯವರು ಮಾತು ನೆನಪಿಟ್ಟುಕೊಂಡು ಕರೆ ಮಾಡಿಸಿದರಲ್ಲ, ಅದು ನನಗೆ ಇವತ್ತಿಗೂ ಸೋಜಿಗ. ಸಾವಿನ ಮನೆಯಿಂದ ಬರುವ ಕರೆ ಎಷ್ಟು ಕಷ್ಟದ್ದು ಎಂದು ದಿನವೂ ಫೋನ್ ಎತ್ತುವ ನನಗೆ ಗೊತ್ತು.

ಅದಾದ ಮೇಲಿನ ವಾರಗಳಲ್ಲಿ ನಮ್ಮ ಫೋನು ಕೆಳಗಿಡಲು ಬಿಡುವಿರಲಿಲ್ಲ. ಹೆಸರು ಬರೆಸಲು ಹುಡುಗರ ಗುಂಪುಗಳೇ ಬರುತ್ತಿದ್ದವು.

ಡೈರಿ ಕಾರ್ಯದರ್ಶಿ

ಇದನ್ನು ಬರೆಯಿಸಿ. ನಾಲ್ವರು. ಬೇರೆ ಸಂಖ್ಯೆಯೇ ಬೇಡ.

ಹಾಸನದ ಹುಡುಗ

ನಾಲ್ಕು ಎಂದರೆ ಜನಕ್ಕೆ ಸಣ್ಣದಾಗಿ ಕಾಣುತ್ತದೆ. 1800 ಎಂದರೆ ನಿಂತು ಓದುತ್ತಾರೆ. ನನಗೆ ಅವರ ಹೆಸರು ದೊಡ್ಡದಾಗಬೇಕು, ಅಷ್ಟೇ.

ಹೊಸದುರ್ಗದ ಮಗಳು

ಹಾಸನದ ತಮ್ಮಾ, ನಾಲ್ಕು ಸಣ್ಣದಲ್ಲ. ನಮ್ಮ ಅಪ್ಪನದು ಎರಡೇ ಆಯಿತು. ಅದರ ಕಥೆ ಹೇಳುತ್ತೇನೆ.

ಅಪ್ಪ ಅಡಿಕೆ ತೋಟ ಬಿಟ್ಟರೆ ಬೇರೆ ಲೋಕ ನೋಡಿದವರಲ್ಲ. ಆ ಎರಡು ದಿನ ಟಿವಿ ಮುಂದೆ ಕೂತವರು ಎದ್ದಿರಲಿಲ್ಲ. ಮೂರನೆಯ ದಿನ ಕಾಫಿ ಲೋಟ ಕೆಳಗಿಟ್ಟು, ‘ನನ್ನದೂ ಕೊಟ್ಟುಬಿಡಿ’ ಎಂದರು. ನಾವು ಆಗಲಿ ಎಂದೆವು. ಎರಡು ವರ್ಷದ ನಂತರ ಒಂದು ಬೆಳಗಿನ ಜಾವ ನಾಲ್ಕು ಗಂಟೆಗೆ ಮನೆಯಲ್ಲೇ ಹೋದರು. ಅಳುವುದೋ ಫೋನ್ ಮಾಡುವುದೋ ತಿಳಿಯಲಿಲ್ಲ. ನಂಬರನ್ನು ಕ್ಯಾಲೆಂಡರ್ ಹಿಂದೆ ಬರೆದಿಟ್ಟಿದ್ದರು, ಅವರದೇ ಕೈಬರಹ. ಆ ಕಡೆಯವರು ಹೇಳಿದ ಹಾಗೆ ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಟ್ಟೆ, ತಲೆಯ ಕೆಳಗೆ ದಿಂಬು ಕೊಟ್ಟೆ, ಫ್ಯಾನ್ ಆರಿಸಿದೆ. ಬಂದವರೆಲ್ಲ ಸೆಕೆ ಎಂದು ಫ್ಯಾನ್ ಹಾಕುವುದು, ನಾನು ಎದ್ದು ಆರಿಸುವುದು. ಚಿಕ್ಕಪ್ಪ ಅಡ್ಡ ನಿಂತರು. ಮುಂದಿನ ಜನ್ಮಕ್ಕೆ ಕುರುಡನಾಗಿ ಹುಟ್ಟುತ್ತಾನೆ, ಮಗಳಾಗಿ ಇಂಥ ಕೆಲಸ ಮಾಡುತ್ತೀಯಾ ಎಂದರು. ಅಮ್ಮ ಒಂದೇ ಮಾತು ಹೇಳಿದರು: ‘ರಾಜ್‌ಕುಮಾರ್ ಕೊಟ್ಟಿಲ್ಲವೇ?’ ಚಿಕ್ಕಪ್ಪ ಮತ್ತೆ ಬಾಯಿ ತೆರೆಯಲಿಲ್ಲ. ಅವರು ಅಣ್ಣಾವ್ರ ಭಕ್ತರು.

ಎಂಟೂವರೆಗೆ ಇಬ್ಬರು ಬಂದರು. ಪೋಲಿಯೋ ಲಸಿಕೆ ತರುತ್ತಾರಲ್ಲ, ಅಂಥ ಐಸ್ ಡಬ್ಬಿ ಒಂದು. ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದರು. ಇಪ್ಪತ್ತು ನಿಮಿಷ. ತಲೆಯ ಬಳಿ ಹಚ್ಚಿದ ದೀಪವೂ ಹಾಗೇ ಉರಿಯುತ್ತಿತ್ತು. ಒಳಗೆ ಹೋಗಿ ನೋಡಿದರೆ ಮಲಗಿದ ಹಾಗೆಯೇ ಇದ್ದರು, ಏನೂ ಗೊತ್ತಾಗುತ್ತಿರಲಿಲ್ಲ. ಅಮ್ಮ ಕಿಟಕಿಯ ಮೇಲಿದ್ದ ಅವರ ಕನ್ನಡಕ ಕೈಗೆತ್ತಿಕೊಂಡು, ಇದನ್ನೂ ತೆಗೆದುಕೊಂಡು ಹೋಗುತ್ತೀರಾ ಎಂದು ಆ ಹುಡುಗನನ್ನು ಕೇಳಿದರು. ಆತನ ಕಣ್ಣಲ್ಲಿ ನೀರು ಬಂತು.

ಇಬ್ಬರಿಗೆ ಕೂರಿಸಿದೆವು ಎಂದು ಆಮೇಲೆ ಪತ್ರ ಬಂತು. ಯಾರಿಗೆ ಎಂದು ಹೇಳುವುದಿಲ್ಲ. ಬಸ್ಸಿನಲ್ಲಿ ಯಾರಾದರೂ ನನ್ನನ್ನು ನೆಟ್ಟ ನೋಟದಲ್ಲಿ ನೋಡಿದರೆ ನಾನೂ ಒಂದು ಕ್ಷಣ ನೋಡುತ್ತೇನೆ.

ಸರಸ್ವತಿಪುರಂ ಅಕ್ಕ

ಓದಿ ಅಳು ಬಂತು ತಾಯಿ. ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ತೀರ್ಥಹಳ್ಳಿ ಮಳೆ

ನಮ್ಮದು ಆಗಲೇ ಇಲ್ಲ. ಅತ್ತೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಕಣ್ಣು ಕೊಡಬೇಕು ಎಂದರೆ ಅಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಗದಪತ್ರ ಕೈಗೆ ಬರುವ ಹೊತ್ತಿಗೆ ಅವರು ಹೋಗಿ ಆರು ತಾಸು ದಾಟಿತ್ತು, ಕಣ್ಣು ತೆಗೆಯುವ ಅವಧಿ ಮುಗಿದಿತ್ತು. ಅವರ ಕೊನೆಯ ಆಸೆ ಹಾಗೇ ಉಳಿಯಿತು. ಈ ಸಂಕಟ ನನಗೆ ಇನ್ನೂ ಇದೆ.

ಅಡುಗೆಮನೆಯಿಂದ

ಸಕ್ಕರೆ ಕಾಯಿಲೆ ಇರುವವರು ಕೊಡಬಹುದೇ? ನನಗೂ ನನ್ನ ಮನೆಯವರಿಗೂ ಇದೆ.

ನೇತ್ರ ತಂತ್ರಜ್ಞೆ

ಧಾರಾಳವಾಗಿ. ಸಕ್ಕರೆ, ರಕ್ತದೊತ್ತಡ, ಕನ್ನಡಕ ಯಾವುದೂ ಅಡ್ಡಿಯಲ್ಲ. ಎಚ್‌ಐವಿ, ಕಾಮಾಲೆಯ ಬಿ ಮತ್ತು ಸಿ ವೈರಸ್, ರೇಬೀಸ್, ರಕ್ತದ ಕ್ಯಾನ್ಸರ್ ಇಂಥವು ಇದ್ದರೆ ಬೇರೆಯವರಿಗೆ ಕೂರಿಸುವುದಿಲ್ಲ. ಅದಕ್ಕೇ ರಕ್ತದ ಮಾದರಿಯನ್ನೂ ತೆಗೆದುಕೊಳ್ಳುತ್ತೇವೆ.

ತೀರ್ಥಹಳ್ಳಿಯವರ ಮಾತಿಗೆ: ತಪ್ಪು ನಿಮ್ಮದಲ್ಲ. ಆಸ್ಪತ್ರೆಯವರು ಗೊಂದಲದಲ್ಲಿದ್ದರೂ ನೀವೇ ನೇರವಾಗಿ ಹತ್ತಿರದ ನೇತ್ರ ಬ್ಯಾಂಕಿಗೆ ಕರೆ ಮಾಡಬಹುದು. ಇನ್ನೊಂದು ಮಾತು. ಬದುಕಿದ್ದಾಗ ಹೆಸರು ಬರೆಸಿದರೆ ಮಾತ್ರ ಸಾಲದು, ಸತ್ತ ಮೇಲೆ ಮನೆಯವರು ಒಪ್ಪಬೇಕು. ಹೆಸರು ಬರೆಸದೇ ಇದ್ದರೂ ಮನೆಯವರು ಒಪ್ಪಿದರೆ ಆಗುತ್ತದೆ.

ಸಿನಿಮಾ ಪ್ರೇಮಿ, ದಾವಣಗೆರೆ

ಎಲ್ಲರೂ ದಾನಿ ದಾನಿ ಎನ್ನುತ್ತಿದ್ದೀರಿ, ಕಲಾವಿದನನ್ನು ಮರೆಯುತ್ತಿದ್ದೀರಿ. ನನಗೆ ಇದು ಸರಿ ಕಾಣುವುದಿಲ್ಲ. ಅವರು ಮೊದಲು ನಟ. ಹತ್ತು ವರ್ಷದ ಹುಡುಗನಾಗಿ ‘ಬೆಟ್ಟದ ಹೂವು’ ಚಿತ್ರದಲ್ಲಿ ನಟಿಸಿ ರಾಷ್ಟ್ರಪ್ರಶಸ್ತಿ ತಂದವರು. ಆ ಹುಡುಗ ಕಾಡಿನ ಹೂವು ಮಾರಿ, ಕುವೆಂಪು ಅವರ ರಾಮಾಯಣ ದರ್ಶನಂ ಕೊಳ್ಳಬೇಕೆಂದು ಒಂದೊಂದೇ ರೂಪಾಯಿ ಕೂಡಿಡುತ್ತಾನೆ. ಕೊನೆಗೆ ಆ ದುಡ್ಡಿನಲ್ಲಿ ಪುಸ್ತಕ ಬಿಟ್ಟು ಮನೆಯವರಿಗೆ ಕಂಬಳಿ ಕೊಂಡು ತರುತ್ತಾನೆ. ಗ್ರಂಥಾಲಯದ ಗೋಡೆಗೆ ಇದಕ್ಕಿಂತ ಒಳ್ಳೆಯದು ಏನಿದೆ?

ಇನ್ನೊಂದು ಸಹಾಯವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ತಾವು ನಟಿಸಿದರೆ ಹಣ ಗಳಿಸುತ್ತಿದ್ದವರು, ಪಿಆರ್‌ಕೆ ಪ್ರೊಡಕ್ಷನ್ಸ್ ಶುರುಮಾಡಿ ಹೊಸಬರ ಕಥೆಗಳಿಗೆ ದುಡ್ಡು ಹಾಕಿದರು. ‘ಕವಲುದಾರಿ’ಯಲ್ಲಿ ಅವರು ನಾಯಕನಲ್ಲ, ನಿರ್ಮಾಪಕ. ನನ್ನ ಪರಿಚಯದ ಎಷ್ಟೋ ಹುಡುಗರು ಕಥೆಯ ಕಡತ ಹಿಡಿದುಕೊಂಡು ಬೆಂಗಳೂರಿಗೆ ಹೋಗುವ ಧೈರ್ಯ ಮಾಡಿದ್ದು ಆ ಸಂಸ್ಥೆ ಇದೆ ಎಂದು. ಈಗ ಯಾರ ಬಾಗಿಲು ತಟ್ಟಬೇಕು?

ನಿವೃತ್ತ ಮೇಷ್ಟ್ರು, ಮಂಡ್ಯ

ಒಪ್ಪಿದೆ. ಆದರೆ ಪುಸ್ತಕ ಬಿಟ್ಟು ಕಂಬಳಿ ತಂದ ಎಂದು ಗ್ರಂಥಾಲಯದ ಮೇಲೆ ಬರೆದರೆ ಮಕ್ಕಳು ಪುಸ್ತಕವನ್ನೇ ಬಿಟ್ಟಾರು! ಒಳಗೆ ಅದನ್ನು ಬಾಯಲ್ಲಿ ಹೇಳೋಣ.

ರಾಯಚೂರು ಓದುಗ

ವಿಷಯ ಬೇರೆ ಕಡೆ ಹೋಗುತ್ತದೆ, ಆದರೂ ಕೇಳುತ್ತೇನೆ. ವ್ಯಾಯಾಮ ಜಾಸ್ತಿ ಮಾಡಿದ್ದಕ್ಕೇ ಹಾಗಾಯಿತು ಎನ್ನುತ್ತಾರೆ. ನನ್ನ ಮಗ ಜಿಮ್‌ಗೆ ಹೋಗುವುದನ್ನೇ ಬಿಡಿಸಿದ್ದೇನೆ. ಸರಿಯೇ?

ತಾಲ್ಲೂಕು ಆಸ್ಪತ್ರೆ ಸಿಸ್ಟರ್

ದಯವಿಟ್ಟು ಹಾಗೆ ಮಾಡಬೇಡಿ ಅಣ್ಣ. ಯಾರಿಗೆ ಯಾವ ಕಾರಣಕ್ಕೆ ಹೃದಯಾಘಾತ ಆಯಿತು ಎಂದು ನಾವು ದೂರದಲ್ಲಿ ಕೂತು ಹೇಳಬಾರದು. ಮಗನನ್ನು ಮನೆಯಲ್ಲಿ ಕೂರಿಸುವ ಬದಲು ಎದೆ ಬಿಗಿದರೆ, ಎಡಗೈಗೋ ದವಡೆಗೋ ನೋವು ಇಳಿದರೆ, ತಣ್ಣನೆಯ ಬೆವರು ಬಂದರೆ ಗ್ಯಾಸ್ ಎಂದು ಸೋಡಾ ಕುಡಿಯದೆ ಕೂಡಲೇ ಆಸ್ಪತ್ರೆಗೆ ಬರಲು ಹೇಳಿಕೊಡಿ.

ಈಗ ಅವರ ಹೆಸರಿನಲ್ಲೇ ಸರ್ಕಾರದ ಹೃದಯ ಜ್ಯೋತಿ ಯೋಜನೆ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದರೆ ಜಯದೇವದಂಥ ದೊಡ್ಡ ಕೇಂದ್ರದ ತಜ್ಞರು ನೋಡಿ ಹೇಳುತ್ತಾರೆ. ಹೃದಯಾಘಾತ ಖಚಿತವಾದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತೇವೆ. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿ. ಮೊದಲ ಸಲ ನನ್ನ ಕೈಯಿಂದ ಆ ಚುಚ್ಚುಮದ್ದು ಹೋದದ್ದು ಒಬ್ಬ ಟೆಂಪೊ ಚಾಲಕನಿಗೆ. ವಾರದ ನಂತರ ಒಂದು ಗೊನೆ ಬಾಳೆಹಣ್ಣು ತಂದು ವಾರ್ಡಿನಲ್ಲಿ ಹಂಚಿದ. ಗಾಡಿಯ ಹಿಂದೆ ಅಪ್ಪು ಚಿತ್ರ ಇತ್ತು, ಮೊದಲಿನಿಂದಲೂ.

ಶ್ರೀರಾಂಪುರದ ಶೆಟ್ಟರು

ನಾನು ಎರಡೂ ಸಾವು ನೋಡಿದವನು. 2006ರಲ್ಲಿ ಅಂಗಡಿಯ ಷಟರ್ ಎಳೆದು ಒಳಗೆ ಕೂತಿದ್ದೆ, ಹೊರಗೆ ಗಾಜು ಒಡೆಯುವ ಸದ್ದು. ಗಲಭೆಯಲ್ಲಿ ಜೀವಗಳೇ ಹೋದವು. 2021ರಲ್ಲಿ ಅದೇ ಭಯಕ್ಕೆ ಮಧ್ಯಾಹ್ನವೇ ಅಂಗಡಿ ಮುಚ್ಚಿದೆ. ರಾತ್ರಿ ಮನಸ್ಸು ತಡೆಯದೆ ಕಂಠೀರವ ಕ್ರೀಡಾಂಗಣದ ಸಾಲಿನಲ್ಲಿ ನಿಂತೆ. ನನ್ನ ಮುಂದೆ ಚಿಕ್ಕಬಳ್ಳಾಪುರದಿಂದ ಬಂದ ಗಾರೆ ಕೆಲಸದ ಹುಡುಗರು, ಕೈಯಲ್ಲಿ ಸಿಮೆಂಟು ಹಾಗೇ ಒಣಗಿತ್ತು. ಯಾರೋ ನೀರಿನ ಪ್ಯಾಕೆಟ್ ಕೊಡುತ್ತಿದ್ದರು, ಯಾರೋ ಚಿತ್ರಾನ್ನ. ತಳ್ಳಾಟ ಶುರುವಾದ ಕಡೆ ಆ ಹುಡುಗರೇ ‘ಅಪ್ಪುಗೆ ಕೆಟ್ಟ ಹೆಸರು ತರಬೇಡಿ’ ಎಂದು ಕೂಗುತ್ತಿದ್ದರು. ಅಷ್ಟು ಜನ, ಅಷ್ಟು ದುಃಖ, ಆದರೂ ಊರು ಉಳಿಯಿತು. 31ರ ಬೆಳಿಗ್ಗೆ ಕಂಠೀರವ ಸ್ಟುಡಿಯೋದಲ್ಲಿ ಅಪ್ಪ ಅಮ್ಮನ ಪಕ್ಕದಲ್ಲೇ ಮಣ್ಣು ಮಾಡಿದರು.

ಗುಬ್ಬಿ ಸೀಮೆಯವನು

ಎಲ್ಲರಿಗೂ ಕೈಮುಗಿಯುತ್ತೇನೆ. ಹೊಸದುರ್ಗದ ಅಕ್ಕನ ಮಾತನ್ನು ನಿನ್ನೆ ಸಂಘದ ಸಭೆಯಲ್ಲಿ ಗಟ್ಟಿಯಾಗಿ ಓದಿದೆ. ನನ್ನನ್ನು ವಿರೋಧಿ ಎಂದಿದ್ದ ಹುಡುಗನೇ ಎದ್ದು ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದ. ಪಟ್ಟಿ ಬೇಡ ಎಂದು ತೀರ್ಮಾನವಾಯಿತು. ಕರಡು ಹೀಗಿದೆ:

ಪುನೀತ್ ರಾಜ್‌ಕುಮಾರ್
ಕಲಾವಿದ, 1975–2021
ಹಾಡಿದ ಹಣ ಹೆಣ್ಣುಮಕ್ಕಳ ನೆಲೆಗೆ
ಎರಡು ಕಣ್ಣು ನಾಲ್ವರಿಗೆ
ನಿಮ್ಮ ಮನೆಯಲ್ಲಿ ಸಾವಾದರೆ ಆರು ಗಂಟೆಯೊಳಗೆ
ನೇತ್ರ ಬ್ಯಾಂಕಿಗೆ ತಿಳಿಸಿ

ಕೊಪ್ಪಳದವ

ರಾಜ್ಯೋತ್ಸವದ ದಿನ, ಊರ ಬಾಗಿಲಿನಲ್ಲಿ ‘ನಿಮ್ಮ ಮನೆಯಲ್ಲಿ ಸಾವಾದರೆ’ ಎಂದು ಬರೆಯುತ್ತೀರಾ? ಮದುವೆ ದಿಬ್ಬಣ ಹೋಗುವ ದಾರಿ ಅಲ್ಲವೇ ಅದು? ಅಪಶಕುನ ಎಂದು ಮರುದಿನವೇ ಸುಣ್ಣ ಬಳಿಯುತ್ತಾರೆ.

ನೇತ್ರ ತಂತ್ರಜ್ಞೆ

ಸಾವು ಎಂಬ ಮಾತು ಆಡದೆ ಈ ಕೆಲಸ ನಡೆಯುವುದಿಲ್ಲ. ಮಾತು ಮುಚ್ಚಿಟ್ಟೇ ಆರು ಗಂಟೆ ಕಳೆದುಹೋಗುತ್ತದೆ.

ಸರಸ್ವತಿಪುರಂ ಅಕ್ಕ

ಇಬ್ಬರ ಮಾತೂ ನಿಜ. ಹೊರಗೆ ಕಣ್ಣಿನ ವಿಷಯ ಇರಲಿ, ‘ಒಳಗೆ ಬಂದು ಕೇಳಿ’ ಎಂದು ಬರೆಯಿರಿ. ಒಳಗೆ ಮೇಲ್ವಿಚಾರಕರ ಮೇಜಿನ ಹಿಂದೆ ದೊಡ್ಡ ಹಾಳೆಯಲ್ಲಿ ನಂಬರು, ಒದ್ದೆ ಹತ್ತಿ, ದಿಂಬು, ಫ್ಯಾನ್ ಎಲ್ಲವನ್ನೂ ಬರೆದು ಅಂಟಿಸಿ. ಕೇಳಲು ಬಂದವರು ಒಂದು ಪುಸ್ತಕವನ್ನೂ ಮುಟ್ಟಿ ಹೋಗಲಿ.

ಸಿನಿಮಾ ಪ್ರೇಮಿ, ದಾವಣಗೆರೆ

‘ಕಲಾವಿದ’ ಎಂಬ ಪದ ಉಳಿಸಿದ್ದಕ್ಕೆ ಧನ್ಯವಾದ. ‘ದೇವರು’ ಎಂದು ಬರೆಯದಿದ್ದದ್ದಕ್ಕೂ.

ಹಾಸನದ ಹುಡುಗ

ನನಗೆ ಅವರು ದೇವರೇ. ಆದರೆ ಗೋಡೆಯ ಮೇಲೆ ಬೇಡ, ಒಪ್ಪಿದ್ದೇನೆ. ನನ್ನ ಬಳಿ ಇದ್ದ ಪಟ್ಟಿಯನ್ನು ನಮ್ಮ ಗುಂಪಿನಲ್ಲಿ ಅಳಿಸಿ, ನೇತ್ರ ತಂತ್ರಜ್ಞೆ ಮೇಡಂ ಬರೆದದ್ದನ್ನು ಹಾಕಿದ್ದೇನೆ. ನಮ್ಮಜ್ಜನ ಹತ್ತಿರ ಈ ವಿಷಯ ಎತ್ತುವುದು ಹೇಗೆ ಎಂದು ತಿಳಿಯುತ್ತಿಲ್ಲ. 84 ವರ್ಷ, ಬಹಳ ಸಿಟ್ಟಿನವರು.

ಹೊಸದುರ್ಗದ ಮಗಳು

ಅವರ ಹತ್ತಿರ ಎತ್ತಬೇಡ. ‘ನನ್ನ ಕಣ್ಣು ಕೊಡುತ್ತೇನೆ’ ಎಂದು ಅವರ ಮುಂದೆ ನಿಮ್ಮಮ್ಮನಿಗೆ ಹೇಳು. ಅವರು ಕೇಳಿಸಿಕೊಳ್ಳುತ್ತಾರೆ.

ಗುಬ್ಬಿ ಸೀಮೆಯವನು

ಇವತ್ತು ಅಕ್ಟೋಬರ್ 29. ಚಿತ್ರ ಮುಗಿಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಪೇಂಟರ್ ಮೂರು ದಿನ ತೆಗೆದುಕೊಂಡರು. ನೂಲಿಗೆ ನೀಲಿ ಪುಡಿ ಸವರಿ, ಗೋಡೆಗೆ ಬಿಗಿಹಿಡಿದು ಚಿಮ್ಮಿಸಿ ಸಾಲು ಹಾಕಿದರು. ಮುಖ, ಕೂದಲು, ನಗು ಎಲ್ಲ ಬರೆದು ಕಣ್ಣಿನ ಜಾಗವನ್ನು ಖಾಲಿ ಬಿಟ್ಟಿದ್ದರು. ನಿನ್ನೆ ಶಾಲೆಯ ಮಕ್ಕಳು ಅದನ್ನು ನೋಡಿ ಹೆದರಿ ಬೇಗ ಬೇಗ ದಾಟಿ ಹೋದರು. ಇವತ್ತು ಬೆಳಿಗ್ಗೆ ಬಿಸಿಲು ಏರುವ ಮೊದಲು ಏಣಿ ಹತ್ತಿ ಎರಡೂ ಕಣ್ಣು ಬರೆದರು. ಕೊನೆಯಲ್ಲಿ ಒಂದೊಂದಕ್ಕೂ ಬಿಳಿ ಎನಾಮೆಲ್‌ನ ಒಂದು ಚುಕ್ಕೆ. ಆ ಚುಕ್ಕೆ ಬಿದ್ದದ್ದೇ ತಡ, ಮುಖಕ್ಕೆ ಜೀವ ಬಂತು. ಬಸ್ ನಿಲ್ಲಿಸಿ ಚಾಲಕ ಇಳಿದು ಕೈಮುಗಿದು ಹೋದ. ಬರಹದ ಕೂಲಿ ಲೆಕ್ಕ ಹಾಕುವಾಗ ಪೇಂಟರ್ ಕೊನೆಯ ಎರಡು ಸಾಲಿಗೆ ಹಣ ತೆಗೆದುಕೊಳ್ಳಲಿಲ್ಲ. ಎಷ್ಟು ಹೇಳಿದರೂ ಕೇಳಲಿಲ್ಲ.

ಸಾಲುಗಳು ಅಕ್ಕ ಹೇಳಿದಂತೆಯೇ ಇವೆ. ಕೊನೆಯದು, ‘ನೀವೂ ಕೊಡಬಹುದು, ಒಳಗೆ ಬಂದು ಕೇಳಿ’.

ಪರದೆ ಕಟ್ಟುವ ಹೊತ್ತಿಗೆ ನಮ್ಮೂರಿನ ಒಬ್ಬ ಅಜ್ಜಿ, ಹುಣಸೆಹಣ್ಣು ಬಿಡಿಸುವ ಕೂಲಿಯವರು, ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡೇ ನಿಂತರು. ಏನು ಬರೆದಿದೆ ಓದಪ್ಪ ಎಂದರು. ಓದಿದೆ. ಇನ್ನೊಂದು ಸಲ ಓದಿಸಿಕೊಂಡರು. ಆಮೇಲೆ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಅವರಿಗೆ ಎರಡೂ ಕಣ್ಣಿನ ಪೊರೆ ತೆಗೆದಿದ್ದಾರೆ. ಅಂಥ ಕಣ್ಣನ್ನು ತೆಗೆದುಕೊಳ್ಳುತ್ತಾರೆಯೇ? ನಾಳೆ ಸಂತೆಗೆ ಹೋಗುವಾಗ ಬಂದು ಕೇಳುತ್ತಾರೆ, ಅಷ್ಟರಲ್ಲಿ ಹೇಳಿ ಮೇಡಂ.

ನೇತ್ರ ತಂತ್ರಜ್ಞೆ

ತೆಗೆದುಕೊಳ್ಳುತ್ತೇವೆ. ಪೊರೆ ಬರುವುದು ಒಳಗಿನ ಮಸೂರಕ್ಕೆ, ಕಾರ್ನಿಯಾ ಬೇರೆ. ಬಂದಾಗ ಒಬ್ಬರೇ ಬಂದಿದ್ದರೆ, ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿ. ಮಗನಿಗೋ ಸೊಸೆಗೋ ಈ ಮಾತು ಅವರ ಬಾಯಿಂದಲೇ ಹೋಗಬೇಕು. ಅವರು ನಿಂತಿರುವಾಗಲೇ ನನಗೆ ಫೋನ್ ಹಚ್ಚಿ ಕೊಡಿ, ನಾನೇ ಮಾತನಾಡುತ್ತೇನೆ.